ಸಹಾಯ ಬೇಕು: ಪೈಲಟ್ ಒಪ್ಪಂದ, ಜಂಪ್‌ಸೀಟ್ ವಿಷಯ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಂಬಳೆ ಹತ್ತಿರ. ತಮ್ಮ ಒಂದು ವಿಮಾನ ಕಂಪನಿಯಲ್ಲಿ ಕೋ-ಪೈಲಟ್, ಡ್ಯೂಟಿ ಬೆಂಗಳೂರಿನಿಂದ. ರಜೆ ಸಿಕ್ಕಿದಾಗ ಜಂಪ್‌ಸೀಟಿನಲ್ಲಿ ಮಂಗಳೂರಿಗೆ ಬಂದು ಹೋಗುತ್ತಿದ್ದ. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದೆ ಇರುವ ಮಡಚುವ ಸೀಟು ಅದು. ಕ್ಯಾಪ್ಟನ್ ಒಪ್ಪಿದರೆ ಮಾತ್ರ ಕೂರಬಹುದು.

ಈಗ ಕಂಪನಿಗೆ ನಷ್ಟ ಅಂತ ಯೂನಿಯನ್ ಜೊತೆ ಹೊಸ ಒಪ್ಪಂದ ಆಗುತ್ತಿದೆ. ಭತ್ಯೆ ಕಡಿತ, ಜೊತೆಗೆ ಜಂಪ್‌ಸೀಟೂ ಬಂದ್. ಭತ್ಯೆ ಹೋದರೆ ಹೇಗೋ ಸುಧಾರಿಸಬಹುದು. ಆದರೆ ಅಮ್ಮನಿಗೆ ಹುಷಾರಿಲ್ಲ, ಅವನು ತಿಂಗಳಿಗೆ ಎರಡು ಸಲವಾದರೂ ಬರಲೇಬೇಕು. ಇಲ್ಲಿಂದ ಕಣ್ಣೂರು-ಬೆಂಗಳೂರು ರೈಲಿನಲ್ಲಿ ರಾತ್ರಿಯಿಡೀ ಕೂತು ಹೋಗಿ, ಬೆಳಿಗ್ಗೆ ವಿಮಾನ ಹಾರಿಸುವುದು ಸರಿಯಲ್ಲ ಅಲ್ವಾ? ಪ್ರಯಾಣಿಕರ ಜೀವದ ಪ್ರಶ್ನೆ.

1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿ, ಸೇವಾ ಷರತ್ತು ಬದಲಿಸುವ ಮೊದಲು 21 ದಿನದ ನೋಟಿಸ್ ಕೊಡಬೇಕು ಅಂತಿತ್ತು. ಪೈಲಟ್‌ಗಳಿಗೂ ಅದು ಸಿಗುತ್ತಾ? ಹೊಸ ಕಾರ್ಮಿಕ ಸಂಹಿತೆಯಲ್ಲಿ ಹೇಗಿದೆ? ಜಂಪ್‌ಸೀಟ್ ಸೇವಾ ಷರತ್ತಾ, ಸುಮ್ನೆ ಕೊಟ್ಟ ಸೌಲಭ್ಯವಾ?

ಕಾರ್ಮಿಕ ಕಾನೂನು ತಿಳಿದ ವಕೀಲರು ಕಾಸರಗೋಡು ಅಥವಾ ಮಂಗಳೂರಿನಲ್ಲಿದ್ದರೆ ತಿಳಿಸಿ. ಕನ್ನಡದಲ್ಲಿ ಮಾತಾಡುವವರಾದರೆ ಒಳ್ಳೆಯದು, ಅಪ್ಪನಿಗೂ ಅರ್ಥವಾಗಬೇಕು. ಮುಂದಿನ ವಾರವೇ ಯೂನಿಯನ್ ಮತದಾನ, ದಯವಿಟ್ಟು ಬೇಗ ಹೇಳಿ.