ಮೇಸ್ತ್ರಿ: ಬೋರ್ಡು ಬರೆಸಬೇಕು, ಸ್ವಲ್ಪ ಬೇಗ ಹೇಳಿ

ಸಕಲೇಶಪುರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಗೇಟಿಗೆ ಬೋರ್ಡು ಬರೆಸಬೇಕು. 'ಕೆಲಸಕ್ಕೆ ಬಂದವರು ಮೊದಲು ಮೇಸ್ತ್ರಿಯನ್ನು ಕಾಣಿ', ಇಷ್ಟೇ. ಕನ್ನಡದಲ್ಲಿ ಒಂದು ಸಾಲು, ಹಿಂದಿಯಲ್ಲಿ ಒಂದು ಸಾಲು. ಹಣ್ಣು ಕೊಯ್ಯಲು ಈಗ ಅಸ್ಸಾಮಿನಿಂದ ಬಂದವರೇ ಜಾಸ್ತಿ. ಸದ್ಯಕ್ಕೆ ಇರಲಿ ಅಂತ ಒಂದು ರಟ್ಟಿನ ಮೇಲೆ ಹಿಂದಿಯಲ್ಲಿ 'ಮಿಸ್ತ್ರಿ' ಅಂತ ಬರೆದು ನೇತುಹಾಕಿದ್ದೆ. ಮೊನ್ನೆ ಬಂದ ನಾಲ್ಕು ಹುಡುಗರು ನೇರವಾಗಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ ಮಾಡುತ್ತಿದ್ದವನ ಮುಂದೆ ಹೋಗಿ ಕೂತಿದ್ದಾರೆ. ಮೇಸ್ತ್ರಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಪೇಂಟರ್ ಭಾನುವಾರ ಬರುತ್ತಾನೆ. ಏನು ಬರೆಸಲಿ?

ಹಾಸನದಿಂದ:
ಹುಡುಗರದ್ದು ತಪ್ಪಿಲ್ಲ. ಹಿಂದಿ, ಬಂಗಾಳಿಯಲ್ಲಿ ಮಿಸ್ತ್ರಿ ಅಂದರೆ ಬಡಗಿ, ಮೆಕ್ಯಾನಿಕ್, ಒಟ್ಟಿನಲ್ಲಿ ಕೈಕಸುಬಿನವನು. ಗಾರೆಯವನು ರಾಜ್‌ಮಿಸ್ತ್ರಿ. ದೂರ ಯಾಕೆ, ನಮ್ಮ ಹಾಸನ ಪೇಟೆಯಲ್ಲಿ ಮೇಸ್ತ್ರಿ ಅಂದರೆ ಮನೆ ಕಟ್ಟುವವನು. ಹುಬ್ಬಳ್ಳಿ ಕಡೆ ಅದೇ ಕೆಲಸದವನು ಗೌಂಡಿ. ನಿಮ್ಮ ತೋಟದ ಸೀಮೆಗೆ ಬಂದರೆ ಆಳುಗಳ ಮೇಲಿನವನು. ಇಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ಪದಗಳ 1886ರ ಹಾಬ್ಸನ್-ಜಾಬ್ಸನ್ ನಿಘಂಟು ನೋಡಿದರೆ, ದಕ್ಷಿಣದ ಬಿಳಿ ದೊರೆಗಳ ಮನೆಯಲ್ಲಿ ಮೇಸ್ತ್ರಿ ಅಂದರೆ ಅಡಿಗೆಯವನು, ಇಲ್ಲವೇ ದರ್ಜಿ!

ಮೂಲ ಪೋರ್ಚುಗೀಸಿನ 'ಮೆಸ್ತ್ರೆ'. ಅದರ ಹಿಂದೆ ಲ್ಯಾಟಿನ್ನಿನ 'ಮಾಗಿಸ್ತೆರ್'. ಇಂಗ್ಲಿಷಿನ ಮಾಸ್ಟರ್ ಕೂಡ ಅಲ್ಲಿಂದಲೇ ಬಂತು, ನಮ್ಮ ಬಾಯಲ್ಲಿ ಮೇಷ್ಟ್ರು ಆಯ್ತು. ಅಂದರೆ ಶಾಲೆಯ ಮೇಷ್ಟ್ರು, ತೋಟದ ಮೇಸ್ತ್ರಿ ದಾಯಾದಿಗಳು. ಬೇರೆ ಬೇರೆ ಹಡಗು ಹತ್ತಿ ಬಂದರು, ಅಷ್ಟೇ. ಇನ್ನೊಂದು ತಮಾಷೆ: ಮಾಗಿಸ್ತೆರ್ ಹುಟ್ಟಿದ್ದು 'ಹೆಚ್ಚು' ಅನ್ನುವ ಪದದಿಂದ, ಮಿನಿಸ್ಟರ್ ಹುಟ್ಟಿದ್ದು 'ಕಡಿಮೆ' ಅನ್ನುವ ಪದದಿಂದ. ಬೇರಿನ ಲೆಕ್ಕ ಹಿಡಿದರೆ ಮಂತ್ರಿಗಿಂತ ಮೇಸ್ತ್ರಿಯೇ ದೊಡ್ಡವನು.

ಚಿಕ್ಕಮಗಳೂರಿನಿಂದ:
ಎಲ್ಲದಕ್ಕೂ ಪರದೇಶದ ಬೇರು ಯಾಕೆ ಹುಡುಕಬೇಕು? ಇದು 'ಮಹಾಶಾಸ್ತ್ರಿ' ಸವೆದು ಆದದ್ದು. ನಮ್ಮ ತಂದೆಯವರೂ ಹಾಗೇ ಹೇಳುತ್ತಿದ್ದರು.

ಹಾಸನದಿಂದ:
ಶಾಸ್ತ್ರಿಗಳು ಕಾಫಿ ಗಿಡದ ಬೇಡದ ಚಿಗುರು ತೆಗೆಸಿದ್ದನ್ನು ನಾನಂತೂ ನೋಡಿಲ್ಲ. ಮುಂದೆ.

ಮೂಡಿಗೆರೆಯಿಂದ:
ಸಂಸ್ಕೃತವೂ ಬೇಡ, ಪೋರ್ಚುಗೀಸೂ ಬೇಡ. ಸಿಲೋನಿನ ತೋಟಗಳಲ್ಲಿ ತಮಿಳರು ಇವನನ್ನೇ 'ಕಂಗಾಣಿ' ಅಂದರು. ಕಣ್ಣು, ಕಾಣು, ಎರಡೂ ನಮ್ಮವೇ. 'ಕಣ್ಗಾಣಿ' ಅಂತ ಬರೆಸಿ. ಅಚ್ಚಗನ್ನಡ.

ಕೊಪ್ಪದಿಂದ:
ಕಂಗಾಣದವನು ಅಂತ ಓದಿಕೊಂಡರೆ ಗತಿ? ಮಲೆನಾಡಿನಲ್ಲಿ 'ಸೇರೆಗಾರ' ಇದ್ದಾನಲ್ಲ, ಅದೇ ಸಾಕು.

ಸಕಲೇಶಪುರದಿಂದ:
ಸೇರೆಗಾರ ಅಂದರೆ ಘಟ್ಟದ ಕೆಳಗಿನಿಂದ ಆಳು ಕರೆತರುವವನು ಅಲ್ವಾ? ನಮ್ಮ ಮೇಸ್ತ್ರಿ ಕರೆತರುವುದಿಲ್ಲ, ಕೆಲಸ ಮಾಡಿಸುತ್ತಾರೆ. ದಯವಿಟ್ಟು ಬೋರ್ಡಿನ ಬಗ್ಗೆ ಹೇಳಿ.

ಮೂಡಿಗೆರೆಯಿಂದ:
ಬೋರ್ಡಿನ ಬಗ್ಗೆಯೇ ಹೇಳುತ್ತಿರುವುದು. ಇವತ್ತು ಮೇಸ್ತ್ರಿ ಇರಲಿ ಅಂತೀರಿ, ನಾಳೆ ಇಡೀ ಬೋರ್ಡು ಎರವಲು ಪದಗಳದ್ದೇ ಆಗುತ್ತದೆ.

ಹಾಸನದಿಂದ:
ಈಗಾಗಲೇ ಆಗಿದೆ ಸ್ವಾಮಿ. 'ಬೋರ್ಡು' ಯಾರದ್ದು? ತೋಟದಲ್ಲಿ ಬೆಳೆಯುವ ಕಾಫಿ ಅರಬ್ಬಿಯ ಕಹ್ವಾ. ಹಾಜರಿ ಅರಬ್ಬಿ, ಅದನ್ನು ಬರೆದುಕೊಳ್ಳುವ ರೈಟರು ಇಂಗ್ಲಿಷು. ಅವರ ಮುಂದಿನ ಮೇಜು ಹೊರಗಿನದು, ಪುಸ್ತಕ ಇಡುವ ಅಲಮಾರು ಪೋರ್ಚುಗೀಸು, ಸಂಜೆ ಕೈ ತೊಳೆಯುವ ಸಾಬೂನೂ ಹೊರಗಿನದೇ. ಇವರನ್ನೆಲ್ಲ ಒಳಗೆ ಕೂರಿಸಿಕೊಂಡು ಮೇಸ್ತ್ರಿಯನ್ನು ಮಾತ್ರ ಗೇಟಿನಲ್ಲೇ ತಡೆಯುವುದು ಯಾವ ನ್ಯಾಯ? ಪಗಾರವನ್ನೂ ಬಿಡ್ತೀರಾ?

ಮೂಡಿಗೆರೆಯಿಂದ:
ಪಗಾರ ನಮ್ಮ ಕಡೆ ಇಲ್ಲ. ನಾವು ಸಂಬಳ ಅನ್ನುತ್ತೇವೆ. ಬಂದಿದ್ದೆಲ್ಲ ಉಳಿಯಲಿ ಅನ್ನುವುದು ಸೋಮಾರಿತನ. ನನ್ನ ಮಾತು ಮುಗಿಯಿತು.

ಬಾಳೆಹೊನ್ನೂರಿನಿಂದ:
ಜಗಳದ ನಡುವೆ ಪ್ರಶ್ನೆ ಕೇಳಿದವರನ್ನೇ ಮರೆತಿರಿ. ಕನ್ನಡದ ಸಾಲಿನಲ್ಲಿ ಮೇಸ್ತ್ರಿ ಇರಲಿ, ಇಲ್ಲಿ ಯಾರಿಗೂ ಗೊಂದಲ ಇಲ್ಲ. ತೊಡಕಿರುವುದು ಹಿಂದಿ ಸಾಲಿನಲ್ಲಿ. ಅಸ್ಸಾಮಿನ ಚಹಾ ತೋಟಗಳಲ್ಲಿ ಆಳುಗಳ ಮೇಲಿನವನನ್ನು 'ಸರ್ದಾರ್' ಅನ್ನುತ್ತಾರೆ. ನಿಮ್ಮ ಹುಡುಗರಿಗೆ ಆ ಪದ ಗೊತ್ತಿರುತ್ತದೆ. ಪಾರಸಿಯಲ್ಲಿ 'ಸರ್' ಅಂದರೆ ತಲೆ. ಮುಂದಾಳು ಅಂದ ಹಾಗೆ. ಅದನ್ನೇ ಬರೆಸಿ. ಜೊತೆಗೆ ಮೇಸ್ತ್ರಿ ಮನೆ ಕಡೆಗೆ ಒಂದು ಬಾಣದ ಗುರುತು ಹಾಕಿಸಿ, ಓದಲು ಬಾರದವರೂ ಇರುತ್ತಾರೆ.

ಸಕಲೇಶಪುರದಿಂದ:
ತುಂಬಾ ಉಪಕಾರವಾಯ್ತು. ಹುಡುಗರನ್ನು ಕೇಳಿದೆ, ಸರ್ದಾರ್ ಅಂದ ಕೂಡಲೇ ಅರ್ಥವಾಯ್ತು. ಈಗ ಹೊಸ ತಕರಾರು ಮೇಸ್ತ್ರಿಯದ್ದು. ಹಿಂದಿಯಲ್ಲಿ ಏನು ಬರೆಸುತ್ತೀರಿ ಅಂತ ಕೇಳಿದರು, ಹೇಳಿದೆ. ಹಾಗಾದರೆ ಕನ್ನಡದಲ್ಲೂ 'ಸರದಾರ' ಅಂತಲೇ ಬರೆಸಿ ಅಂತ ಹಟ ಹಿಡಿದಿದ್ದಾರೆ.