ಸಹಾಯ ಬೇಕು: ಡೀಲಿಸ್ಟ್ ಆದ ಶೇರಿನ ಹಣಕ್ಕಾಗಿ ಒಟ್ಟಾಗಿ ಅರ್ಜಿ ಹಾಕುವವರು (ಡೊಂಬಿವಲಿ, ಠಾಣೆ, ಮುಂಬಯಿ)

ಎಲ್ಲರಿಗೂ ನಮಸ್ಕಾರ. ನಾವು ಈ ಕಡೆಯ ಕೆಲವು ಸಣ್ಣ ಹೂಡಿಕೆದಾರರು. ಹೆಚ್ಚಿನವರು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಉಳಿಸಿದ ದುಡ್ಡು ಹಾಕಿದವರು. ನಮ್ಮೆಲ್ಲರ ಬಳಿ ಇರುವ ಒಂದೇ ಕಂಪನಿಯ ಶೇರನ್ನು ಎಕ್ಸ್‌ಚೇಂಜ್ ಕಡ್ಡಾಯವಾಗಿ ಡೀಲಿಸ್ಟ್ ಮಾಡಿದೆ, ಅಂದರೆ ತನ್ನ ವಹಿವಾಟಿನ ಪಟ್ಟಿಯಿಂದ ತೆಗೆದುಹಾಕಿದೆ. ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಶೇರುಗಳ ಸಂಖ್ಯೆ ಹಾಗೇ ಇದೆ, ಬೆಲೆಯ ಜಾಗ ಖಾಲಿ.

ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2021ರ ನಿಯಮದಂತೆ ಇಂಥಲ್ಲಿ ಸ್ವತಂತ್ರ ಮೌಲ್ಯಮಾಪಕರು ಬೆಲೆ ಗೊತ್ತುಮಾಡಬೇಕು, ಶೇರು ಬಿಟ್ಟುಕೊಡುವವರಿಗೆ ಪ್ರವರ್ತಕರು (ಕಂಪನಿಯನ್ನು ಹುಟ್ಟುಹಾಕಿದ ಅಥವಾ ಹಿಡಿತದಲ್ಲಿಟ್ಟುಕೊಂಡವರು) ಆ ಹಣ ಕೊಡಬೇಕು. ನಮಗೆ ಒಂದು ಪೈಸೆಯೂ ಬಂದಿಲ್ಲ. ಸೆಬಿಯ ಆನ್‌ಲೈನ್ ದೂರು ತಾಣ ಸ್ಕೋರ್ಸ್‌ನಲ್ಲಿ ಕೊಟ್ಟ ದೂರುಗಳು ಎರಡು ಸಾಲಿನ ಉತ್ತರದೊಂದಿಗೆ ಮುಚ್ಚಿಹೋದವು.

ಬರೀ ಸಹಿ ಸಂಗ್ರಹದಿಂದ ಆಗುವ ಕೆಲಸವಲ್ಲ ಇದು. ಪ್ರತಿಯೊಬ್ಬರೂ 10 ರೂಪಾಯಿ ಶುಲ್ಕ ಕಟ್ಟಿ ಸೆಬಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕೆಂದಿದ್ದೇವೆ: ಹಣ ಕೊಡದ ಪ್ರವರ್ತಕರ ಮೇಲೆ ಏನು ಕ್ರಮ ಆಯಿತು, ವಸೂಲಾದದ್ದೆಷ್ಟು? 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ.

ಪ್ರಶ್ನೆಗಳನ್ನು ಚೊಕ್ಕವಾಗಿ ಬರೆದುಕೊಡುವ ವಕೀಲರು, ಸಿಎ ಅಥವಾ ಕಂಪನಿ ಸೆಕ್ರೆಟರಿ ಯಾರಾದರೂ ಇದ್ದೀರಾ? ತೀರಿಕೊಂಡವರ ಹೆಸರಿನಲ್ಲಿ ಕಾಗದದ ಶೇರು ಪತ್ರ ಉಳಿದಿರುವ ಮನೆಯವರೂ ದಯವಿಟ್ಟು ಹಿಂಜರಿಯದೆ ಬನ್ನಿ.

ಯಾರಿಂದಲೂ ಚಂದಾ ಎತ್ತುತ್ತಿಲ್ಲ. ಪ್ಯಾನ್, ಡಿಮ್ಯಾಟ್ ನಂಬರುಗಳನ್ನು ಇಲ್ಲಿ ಹಾಕಲೇಬೇಡಿ. ಭಾನುವಾರ ಸಂಜೆ ಡೊಂಬಿವಲಿ ಪೂರ್ವದಲ್ಲಿ ಸೇರುತ್ತೇವೆ, ಬರುವವರು ಕೆಳಗೆ ತಿಳಿಸಿ.