ಮೊಟ್ಟೆಯಿಲ್ಲದ ಓಟ್ಸ್ ಚಾಕೊಲೇಟ್ ಚಿಪ್ ಕುಕೀಸ್: ತುಪ್ಪ, ಬೆಲ್ಲ ಹೊಂದುತ್ತವೆಯೇ?

ಒಗ್ಗರಣೆ ಡಬ್ಬಿ:
ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ನನ್ನ ಬಳಿಯಿರುವ ವಿಧಾನದಲ್ಲಿ 100 ಗ್ರಾಂ ಬೆಣ್ಣೆ, 120 ಗ್ರಾಂ ಬ್ರೌನ್ ಶುಗರ್, ಒಂದು ಮೊಟ್ಟೆ ಎಂದಿದೆ. ಮನೆಯಲ್ಲೇ ಕಾಯಿಸಿದ ತುಪ್ಪ ಮತ್ತು ಬೆಲ್ಲದ ಪುಡಿಯನ್ನು ಅದೇ ಅಳತೆಯಲ್ಲಿ ಹಾಕಬಹುದೇ? ಅಂಚು ಗರಿಗರಿಯಾಗಿ, ನಡುಭಾಗ ಮೆತ್ತಗಿರಬೇಕೆಂಬುದು ಮಕ್ಕಳ ಬೇಡಿಕೆ.

ಬೆಣ್ಣೆಮುದ್ದೆ:
ಅದೇ ಅಳತೆಯಲ್ಲಿ ಬೇಡ. ಅಂಗಡಿಯ ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬಿದ್ದು, ಉಳಿದುದರಲ್ಲಿ ಬಹುಪಾಲು ನೀರು. ತುಪ್ಪವಾದರೋ ಹೆಚ್ಚುಕಡಿಮೆ ಪೂರ್ತಿ ಕೊಬ್ಬು. ಆದ್ದರಿಂದ 80 ಗ್ರಾಂ ತುಪ್ಪಕ್ಕೆ ಒಂದು ದೊಡ್ಡ ಚಮಚ ಹಾಲು ಸೇರಿಸಿ. ತುಪ್ಪ ಕರಗಿರದೆ ಗಟ್ಟಿಯಾಗಿರಲಿ, ಇಲ್ಲವಾದರೆ ಹಿಟ್ಟು ಟ್ರೇಯ ಮೇಲೆ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೊಟ್ಟೆಯ ಬದಲು ಇನ್ನೆರಡು ದೊಡ್ಡ ಚಮಚ ಹಾಲು ಸಾಕು. ಆದರೂ ತುಪ್ಪದ ಕುಕೀಸ್ ನಾನ್‌ಖಟಾಯಿಯ ಹಾಗೆ ಬಾಯಲ್ಲಿ ಪುಡಿಯಾಗುತ್ತದೆಯೇ ಹೊರತು ಮಕ್ಕಳು ಕೇಳಿದ ಮೆದುತನ ಬರುವುದು ಕಷ್ಟ. ನನ್ನನ್ನು ಕೇಳಿದರೆ ಉಪ್ಪಿಲ್ಲದ ಬೆಣ್ಣೆಯೇ ಮೇಲು.

ಕರಾವಳಿ ಅಡುಗೆಮನೆ:
ಬೆಲ್ಲದ ವಿಷಯದಲ್ಲಿ ಅಷ್ಟು ಹೆದರಬೇಕಾಗಿಲ್ಲ. ಬ್ರೌನ್ ಶುಗರ್‌ಗೆ ಬಣ್ಣವನ್ನೂ ತೇವವನ್ನೂ ಕೊಡುವ ಕಾಕಂಬಿಯ ಅಂಶ ಬೆಲ್ಲದಲ್ಲಿ ಸಹಜವಾಗಿಯೇ ಇರುತ್ತದೆ. ಆದರೆ ಬರೀ ಬೆಲ್ಲ ಹಾಕಿದರೆ ಒಳಗೆ ಬೇಯುವ ಮೊದಲೇ ಅಂಚು ಕಪ್ಪಾಗಬಹುದು, ನಮ್ಮ ಮಳೆಗಾಲದಲ್ಲಂತೂ ಮರುದಿನಕ್ಕೇ ಮೆತ್ತಗಾಗುತ್ತದೆ. ಅರ್ಧ ಬೆಲ್ಲ, ಅರ್ಧ ಸಕ್ಕರೆ ಹಾಕಿ, ಬೆಲ್ಲದ ಪುಡಿಯನ್ನು ತಪ್ಪದೆ ಜರಡಿ ಹಿಡಿಯಿರಿ.

ಓಟ್ಸ್ ಕೊಳ್ಳುವಾಗ ಎಸಳು ದಪ್ಪಗೆ, ಇಡಿಯಾಗಿ ಕಾಣುವ ರೋಲ್ಡ್ ಓಟ್ಸ್ ಆರಿಸಿ. ಇನ್‌ಸ್ಟಂಟ್ ಓಟ್ಸ್ ಹಾಲನ್ನು ಬೇಗ ಹೀರಿ ಮುದ್ದೆಯಾಗುತ್ತದೆ, ಸ್ಟೀಲ್ ಕಟ್ ಓಟ್ಸ್ ಇಷ್ಟು ಹೊತ್ತಿನಲ್ಲಿ ಬೇಯದೆ ಹಲ್ಲಿಗೆ ಸಿಗುತ್ತದೆ. ಕಲಸಿದ ಹಿಟ್ಟನ್ನು ಫ್ರಿಜ್‌ನಲ್ಲಿ ಕನಿಷ್ಠ ಅರ್ಧ ಗಂಟೆ ಇಟ್ಟರೆ ಓಟ್ಸ್ ನೆನೆಯುತ್ತದೆ, ಬೆಣ್ಣೆಯೂ ಮತ್ತೆ ಗಟ್ಟಿಯಾಗುತ್ತದೆ.

ಒಗ್ಗರಣೆ ಡಬ್ಬಿ:
ಧನ್ಯವಾದಗಳು. ಹಾಗಿದ್ದರೆ ಬೆಣ್ಣೆಯನ್ನೇ ತರುತ್ತೇನೆ. ಇಲ್ಲಿ ಸಿಗುವ ಚಿಪ್ಸ್ ಪೊಟ್ಟಣದ ಮೇಲೆ ಕಾಂಪೌಂಡ್ ಎಂದಿದೆ, ಅದು ನಡೆಯುತ್ತದೆಯೇ? ನಮ್ಮದು ಚಿಕ್ಕ ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್).

ಬೆಣ್ಣೆಮುದ್ದೆ:
ನಡೆಯುತ್ತದೆ, ಆದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ನಾಲಿಗೆಗೆ ಮೇಣದಂತೆ ಹತ್ತುತ್ತದೆ. ಡಾರ್ಕ್ ಚಾಕೊಲೇಟ್ ಬಾರ್ ತಂದು ಚಾಕುವಿನಿಂದ ಕತ್ತರಿಸಿಕೊಳ್ಳಿ. 1930ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಟೋಲ್ ಹೌಸ್ ಎಂಬ ಹೋಟೆಲು ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಈ ಬಗೆಯ ಕುಕೀಸ್ ರೂಪಿಸಿದಾಗ ಬಳಸಿದ್ದೂ ಕತ್ತರಿಸಿದ ಬಾರನ್ನೇ. ಚಿಪ್ಸ್ ಮಾರುಕಟ್ಟೆಗೆ ಬಂದದ್ದು ಆಮೇಲೆ.

ಓಟಿಜಿಯನ್ನು 175 ಡಿಗ್ರಿಗೆ ಮೊದಲೇ ಕಾಯಿಸಿ, ಟ್ರೇಯನ್ನು ನಡುವಿನ ಅಂತಸ್ತಿನಲ್ಲಿಟ್ಟು 11ರಿಂದ 13 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಇನ್ನೂ ಹಸಿಯೆಂದು ತೋರುವಾಗಲೇ ಹೊರಗೆ ತೆಗೆಯಿರಿ. ಐದು ನಿಮಿಷ ಟ್ರೇಯಲ್ಲೇ ಬಿಡಿ. ಬಿಸಿಯಲ್ಲೇ ಎತ್ತಹೋದರೆ ಮುರಿಯುತ್ತವೆ.